ಹೆತ್ತವರಿಗೆ ಬಸುರಿನ ಸುದ್ದಿ ತಿಳಿಸುವುದು ಹೇಗೆ?

ಇಷ್ಟು ಸಂತೋಷದ ಸುದ್ದಿಯನ್ನು ಹೇಳಲು ವಿಧಾನವೊಂದು ಬೇಕೇ ಎಂದು ಕೇಳುವವರು, ಮಗಳು ಗರ್ಭಿಣಿ ಎಂಬುದು ದೂರದ ನೆಂಟರ ಫೋನಿನಿಂದ ತಂದೆಗೆ ತಿಳಿದ ಮನೆಯನ್ನು ಕಂಡಿರಲಾರರು. ನಾನು ಅಂಥ ಮನೆಗಳನ್ನು ಒಂದಕ್ಕಿಂತ ಹೆಚ್ಚು ಕಂಡಿದ್ದೇನೆ.

ಮೊದಲು ವಿಷಯ ಖಚಿತವಾಗಲಿ. ಮುಟ್ಟಿನ ದಿನ ದಾಟುವ ಮುನ್ನವೇ ಪರೀಕ್ಷಿಸಿದರೆ ಗರ್ಭ ಕಟ್ಟಿದಾಗ ಮೈಯಲ್ಲಿ ಹುಟ್ಟುವ ಎಚ್‌ಸಿಜಿ ಎಂಬ ಹಾರ್ಮೋನು ಮೂತ್ರದಲ್ಲಿ ಸಾಕಷ್ಟು ಇಲ್ಲದೆ ಫಲಿತಾಂಶ ತಪ್ಪಬಹುದು. ದಿನ ದಾಟಿದ ಮೇಲೆ, ಬೆಳಗಿನ ಮೊದಲ ಮೂತ್ರದಲ್ಲಿ ಪರೀಕ್ಷಿಸಿ, ಬಳಿಕ ವೈದ್ಯರನ್ನು ಕಾಣಿರಿ.

ಎರಡನೆಯದು, ಸಮಯ. ಗರ್ಭಪಾತಗಳಲ್ಲಿ ಹೆಚ್ಚಿನವು ಮೊದಲ 12 ವಾರಗಳಲ್ಲೇ ಆಗುವುದರಿಂದ ಅಲ್ಲಿಯವರೆಗೆ ಬಾಯಿಬಿಡದವರು ಅನೇಕರಿದ್ದಾರೆ. ಊರಿನವರ ವಿಷಯದಲ್ಲಿ ಅದು ಸರಿ; ಹೆತ್ತವರ ವಿಷಯದಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ. ಒಂದು ವೇಳೆ ಗರ್ಭ ನಿಲ್ಲದಿದ್ದರೆ ಆಗ ಅವರು ನಿಮ್ಮ ಬಳಿ ಇರಬೇಕೆನಿಸುತ್ತದೆಯೇ? ಹೌದಾದರೆ, ಸಾಮಾನ್ಯವಾಗಿ 6–7 ವಾರಗಳ ಹೊತ್ತಿಗೆ ಸ್ಕ್ಯಾನಿನಲ್ಲಿ ಭ್ರೂಣದ ಹೃದಯಬಡಿತ ಕಂಡ ಮೇಲೆ ತಿಳಿಸಿಬಿಡಿ. ಅವರನ್ನು ಸಂತೈಸುವ ಹೊರೆಯೂ ನಿಮ್ಮ ಮೇಲೆಯೇ ಬೀಳುವುದಾದರೆ ಕಾಯಿರಿ.

ಕಷ್ಟವಿರುವುದು ಸುದ್ದಿ ಹೇಳುವುದರಲ್ಲಲ್ಲ, ಅದರ ಬೆನ್ನಿಗೇ ಬರಬೇಕಾದ ಮಾತಿನಲ್ಲಿ. ಇದನ್ನು ಇನ್ನು ಯಾರಿಗೆ, ಯಾವಾಗಿನಿಂದ ಹೇಳಬಹುದು ಎಂಬುದನ್ನು ಅದೇ ಉಸಿರಿನಲ್ಲಿ ತಿಳಿಸಬೇಕು. ಮರುದಿನ ಹೇಳೋಣವೆಂದರೆ ಅಷ್ಟರಲ್ಲಿ ಸುದ್ದಿ ಮೂರು ಮನೆ ದಾಟಿರುತ್ತದೆ. ‘ಸದ್ಯಕ್ಕೆ ಯಾರಿಗೂ ಹೇಳಬೇಡಿ’ ಎಂಬ ಮಾತು ಕೆಲಸಕ್ಕೆ ಬಾರದು, ಏಕೆಂದರೆ ಆ ‘ಯಾರಿಗೂ’ ಎಂಬುದರಲ್ಲಿ ಸ್ವಂತ ತಂಗಿಯೂ ಸೇರುತ್ತಾಳೆಂದು ಯಾವ ತಾಯಿಗೂ ಹೊಳೆಯುವುದಿಲ್ಲ. ಆದ್ದರಿಂದ ಹೆಸರು ಹಿಡಿದು ಹೇಳಿರಿ: ‘ಅಮ್ಮ, ಮುಂದಿನ ಸ್ಕ್ಯಾನ್ ಆಗುವವರೆಗೆ ಚಿಕ್ಕಮ್ಮನಿಗೂ ಬೇಡ, ಆದ ದಿನವೇ ನಾನು ಫೋನ್ ಮಾಡುತ್ತೇನೆ.’ ಗಡುವು ಇದ್ದರೆ ಗುಟ್ಟು ಉಳಿಯುತ್ತದೆ. ಒಬ್ಬರ ಬಳಿಯಾದರೂ ಹೇಳಿಕೊಳ್ಳದೆ ಇರಲಾರದವರು ನಿಮ್ಮ ತಾಯಿಯಾಗಿದ್ದರೆ, ಆ ಒಬ್ಬರು ಯಾರೆಂಬುದನ್ನು ನೀವೇ ಆರಿಸಿಕೊಡಿ.

ತಾಯಿಗೆ ಇಂದು, ತಂದೆಗೆ ವಾರದ ಕೊನೆಗೆ ಎಂಬ ಕ್ರಮವನ್ನು ನಾನು ಒಪ್ಪುವುದಿಲ್ಲ. ಇಬ್ಬರನ್ನೂ ಒಟ್ಟಿಗೆ ಕೂರಿಸಿ, ದೂರದಲ್ಲಿದ್ದರೆ ಫೋನನ್ನು ಸ್ಪೀಕರಿನಲ್ಲಿ ಇಡಲು ಹೇಳಿ, ಒಂದೇ ವಾಕ್ಯದಲ್ಲಿ ತಿಳಿಸಿ. ಅತ್ತೆ ಮಾವಂದಿರಿಗೂ ಅದೇ ದಿನ ತಿಳಿಯಲಿ. ಹೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರಿ. ತಾಯಿ ಅತ್ತಾರು, ತಂದೆ ನಿಮ್ಮ ಉದ್ಯೋಗದ ಗತಿ ಏನೆಂದು ಕೇಳಿಯಾರು, ಹಿಂದೊಮ್ಮೆ ಗರ್ಭಪಾತವಾಗಿದ್ದರೆ ಸಂತೋಷಕ್ಕಿಂತ ಮೊದಲು ಭಯವೇ ಕಂಡೀತು. ಮೊದಲ ನಿಮಿಷದ ಮಾತನ್ನು ಅವರ ಅಭಿಪ್ರಾಯವೆಂದು ಎಣಿಸಬಾರದು. ಆದರೆ ಅವರು ಸಿಟ್ಟಾಗುವರೆಂಬ ನಿಜವಾದ ಅಂಜಿಕೆ ಇದ್ದರೆ ಒಬ್ಬರೇ ಹೋಗದೆ, ನಂಬಿಕೆಯವರನ್ನು ಜೊತೆಗೆ ಕರೆದೊಯ್ಯಿರಿ.

‘ಅಜ್ಜಿ ಆಗಲಿದ್ದೀರಿ’ ಎಂದು ಅಚ್ಚು ಹಾಕಿದ ಲೋಟ, ಪುಟ್ಟ ಬೂಟುಗಳ ಪೆಟ್ಟಿಗೆ ಮುಂತಾದವುಗಳಿಗೆ ಹಣ ಸುರಿಯಬೇಡಿ. ಮಗ ಮೊಬೈಲಿನಲ್ಲಿ ಚಿತ್ರೀಕರಿಸುತ್ತ ನಿಂತಿದ್ದಾಗ, ಲೋಟದ ಮೇಲಿನ ಸಣ್ಣ ಅಕ್ಷರ ಓದಲಾಗದೆ ತಾಯಿ ಮನೆಯೆಲ್ಲ ಕನ್ನಡಕ ಹುಡುಕಿದ ಪ್ರಸಂಗವನ್ನು ನಾನೇ ನೋಡಿದ್ದೇನೆ. ವಾಟ್ಸ್‌ಆ್ಯಪಿನಲ್ಲಿ ಸ್ಕ್ಯಾನ್ ಚಿತ್ರ ಕಳಿಸಿ ಕೆಲಸ ಮುಗಿಸುವ ಅಡ್ಡದಾರಿಯೂ ಬೇಡ: ಆ ಬೂದುಬಣ್ಣದ ಚಿತ್ರದಲ್ಲಿ ಅವರಿಗೆ ಏನೂ ತಿಳಿಯುವುದಿಲ್ಲ, ನಿಮ್ಮ ಹೆಸರಿರುವ ಆ ಹಾಳೆ ಮುಂದೆ ಯಾರ ಕೈಗೆ ಹೋಗುವುದೋ ಹೇಳಲಾಗದು.

‘ಎಷ್ಟು ತಿಂಗಳು?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ವೈದ್ಯರು ಕೊನೆಯ ಮುಟ್ಟಿನ ಮೊದಲ ದಿನದಿಂದ ವಾರಗಳನ್ನು ಎಣಿಸುತ್ತಾರೆ ಎಂದು ಆಗಲೇ ಬಿಡಿಸಿ ಹೇಳಿದರೆ ಬೆರಳೆಣಿಕೆಯ ವಾದ ತಪ್ಪುತ್ತದೆ. ಹೆರಿಗೆಯ ದಿನಾಂಕವನ್ನಂತೂ ಕೊಡಲೇಬೇಡಿ, ತಿಂಗಳು ಹೇಳಿದರೆ ಸಾಕು. ಆ ಲೆಕ್ಕದ ದಿನವೇ ಹುಟ್ಟುವ ಮಕ್ಕಳು ಸುಮಾರು 20ಕ್ಕೆ ಒಂದು ಮಾತ್ರ. ದಿನಾಂಕ ಕೊಟ್ಟವರ ಮನೆಯಲ್ಲಿ ಅದಕ್ಕೂ ಹತ್ತು ದಿನ ಮೊದಲಿನಿಂದಲೇ ‘ಇನ್ನೂ ಆಗಲಿಲ್ಲವೇ?’ ಎಂಬ ಫೋನು ಬರತೊಡಗುತ್ತದೆ.