ಬಲಮಂಡಿಯ ಲೆಕ್ಕದ ಪುಸ್ತಕ

ಮೂವತ್ತು ವರ್ಷ ಸಹಕಾರ ಸಂಘದಲ್ಲಿ ಲೆಕ್ಕ ಬರೆದವಳು ನಾನು. ಹಾಗಾಗಿ ಮಂಡಿ ಆಪರೇಷನ್ ಅಂತ ತೀರ್ಮಾನವಾದ ದಿನವೇ ನೂರು ಪುಟದ ಒಂದು ನೋಟ್‌ಬುಕ್ ತರಿಸಿದೆ. ಎಡಪುಟದಲ್ಲಿ ಖರ್ಚು, ಬಲಪುಟದಲ್ಲಿ ಮಂಡಿ ಎಷ್ಟು ಡಿಗ್ರಿ ಬಗ್ಗಿತು ಅನ್ನುವುದು. "ಎಷ್ಟಾಯ್ತು? ಎಷ್ಟು ದಿನಕ್ಕೆ ನಡೆದ್ರಿ?" ಅಂತ ಈಗ ಯಾರಾದರೂ ಕೇಳಿದರೆ ಅದನ್ನೇ ತೆಗೆಯುತ್ತೇನೆ. ಈ ಎರಡೂ ಪ್ರಶ್ನೆಗೆ ಆಸ್ಪತ್ರೆಯವರು ಮೊದಲು ಹೇಳಿದ ಉತ್ತರಕ್ಕೂ ನನ್ನ ಪುಸ್ತಕದಲ್ಲಿರುವುದಕ್ಕೂ ಬಹಳ ಅಂತರವಿದೆ.

ಮಂಡಿ ಒಂದೇ ದಿನದಲ್ಲಿ ಕೆಟ್ಟಿದ್ದಲ್ಲ. ಮೊದಲು ಈಳಿಗೆ ಮಣೆ ಮುಂದೆ ಕೂರುವುದು ನಿಂತಿತು. ಆಮೇಲೆ ರಂಗೋಲಿ. ಆಮೇಲೆ ಬಸ್ಸಿನ ಮೆಟ್ಟಿಲು. ಎಣ್ಣೆ, ಬೆಲ್ಟು, ಮಂಡಿಗೆ ಎರಡು ಸಲ ಇಂಜೆಕ್ಷನ್, ಎಲ್ಲಾ ಆಯಿತು. ಇಂಜೆಕ್ಷನ್ ಕೊಟ್ಟಾಗ ಕೆಲವು ತಿಂಗಳು ಹಾಯೆನಿಸುತ್ತಿತ್ತು, ಮತ್ತೆ ಅದೇ ಕಥೆ. ಎಕ್ಸ್‌ರೇಯಲ್ಲಿ ಎರಡು ಮೂಳೆಗಳ ನಡುವೆ ಇರಬೇಕಾದ ಸಂದು ಒಳಮಗ್ಗುಲಲ್ಲಿ ಪೂರ್ತಿ ಮುಚ್ಚಿಹೋಗಿತ್ತು. ಡಾಕ್ಟರ್ ಮಾತ್ರ ಅವಸರ ಮಾಡಲಿಲ್ಲ. "ಎಕ್ಸ್‌ರೇ ನೋಡಿ ಆಪರೇಷನ್ ಮಾಡಲ್ಲಮ್ಮ. ನಿಮ್ಮ ದಿನ ಹೇಗೆ ಕಳೀತಿದೆ ಹೇಳಿ" ಅಂದರು. ರಾತ್ರಿ ಮಗ್ಗುಲು ಬದಲಿಸಿದರೂ ಎಚ್ಚರವಾಗುತ್ತೆ ಅಂದೆ. ಅಲ್ಲಿಗೆ ತೀರ್ಮಾನವಾಯಿತು.

ಮಂಡಿಯನ್ನು ಇಡೀ ತೆಗೆದು ಬೇರೆ ಹಾಕುತ್ತಾರೆ ಅಂತ ನಾನು ತಿಳಿದಿದ್ದೆ. ಹಾಗಲ್ಲ. ಸವೆದ ಮೂಳೆಯ ತುದಿಗಳನ್ನು ಸುಮಾರು ಒಂದು ಸೆಂಟಿಮೀಟರಿನಷ್ಟು ಕೊಯ್ದು, ಹಲ್ಲಿಗೆ ಕ್ಯಾಪ್ ಹಾಕಿದ ಹಾಗೆ ಲೋಹ ಕೂರಿಸುತ್ತಾರೆ. ನಡುವೆ ಗಟ್ಟಿ ಪ್ಲಾಸ್ಟಿಕ್ಕಿನ ಒಂದು ತಟ್ಟೆ. ಎಷ್ಟು ವರ್ಷ ಬಾಳುತ್ತೆ ಅಂತ ಕೇಳಿದೆ. ನೂರರಲ್ಲಿ ಎಂಬತ್ತು ಮಂಡಿಗಳು 25 ವರ್ಷ ಬಂದಿವೆ ಅಂದರು. ನನಗೆ 62. ಸಾಕು ಬಿಡಿ ಅಂದುಕೊಂಡೆ.

ಆದರೆ ಶುಗರ್ ಅಡ್ಡ ಬಂತು. ಮೂರು ತಿಂಗಳ ಸರಾಸರಿ ತೋರಿಸುವ ಪರೀಕ್ಷೆ 8.9 ಬಂದಿತ್ತು. ಅಷ್ಟಿದ್ದರೆ ಸೋಂಕಿನ ಭಯ, ಇಳಿಸಿಕೊಂಡು ಬನ್ನಿ ಅಂತ ವಾಪಸ್ ಕಳಿಸಿದರು. ಹುಳುಕು ಹಲ್ಲಿಗೂ ಚಿಕಿತ್ಸೆ ಮಾಡಿಸಿಕೊಳ್ಳಿ ಅಂದರು. ಮಂಡಿಗೂ ಹಲ್ಲಿಗೂ ಏನು ಸಂಬಂಧ ಅಂತ ನಗು ಬಂತು. ಬಾಯಿಯ ಕೀವು ರಕ್ತದಲ್ಲಿ ಸೇರಿ ಹೊಸ ಮಂಡಿಗೆ ಹತ್ತಿಕೊಳ್ಳಬಹುದಂತೆ. ಶುಗರ್ 7.3ಕ್ಕೆ ಇಳಿಯುವ ಹೊತ್ತಿಗೆ ಮೂರು ತಿಂಗಳು ಕಳೆಯಿತು. ಆ ಮೂರು ತಿಂಗಳು ತೊಡೆಯ ವ್ಯಾಯಾಮ ಮಾಡಿದ್ದು ಆಮೇಲೆ ತುಂಬಾ ಕೆಲಸಕ್ಕೆ ಬಂತು.

ಇನ್ನು ದುಡ್ಡಿನ ವಿಷಯ. ಹಾಸನದವರು ನಾವು, ಆಪರೇಷನ್ ಮೈಸೂರಿನಲ್ಲಿ. ಮೊದಲು ಹೇಳಿದ್ದು "ಪ್ಯಾಕೇಜ್ ಒಂದೂವರೆ ಲಕ್ಷ." ಅದರಲ್ಲಿ ಇಂಪ್ಲಾಂಟ್ ಸೇರಿದೆಯಾ ಅಂತ ಕೇಳಿದೆ. ಇಲ್ಲ. ಇಂಪ್ಲಾಂಟ್ ಅಂದರೆ ಒಳಗೆ ಕೂರಿಸುವ ಆ ಲೋಹದ ಮಂಡಿ. ಅದೇ ಇಲ್ಲದ ಪ್ಯಾಕೇಜ್ ಯಾವ ಸೀಮೆಯದು? ತಾಳಿ ಬಿಟ್ಟು ಮದುವೆ ಖರ್ಚು ಹೇಳಿದ ಹಾಗೆ.

ಇಂಪ್ಲಾಂಟ್ ವಿಚಾರದಲ್ಲಿ ಒಂದು ಒಳ್ಳೆಯ ಸಂಗತಿ ಇದೆ. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಇದರ ಬೆಲೆಗೆ ಮಿತಿ ಹಾಕಿತು. ಸಾಮಾನ್ಯವಾಗಿ ಹಾಕುವ ಕೋಬಾಲ್ಟ್ ಕ್ರೋಮಿಯಂ ಮಂಡಿಗೆ ಆಗ ನಿಗದಿಯಾದದ್ದು ಜಿಎಸ್‌ಟಿ ಬಿಟ್ಟು 54,720 ರೂಪಾಯಿ. ಅದಕ್ಕೂ ಮುಂಚೆ ಲಕ್ಷ ದಾಟುತ್ತಿತ್ತು. ಟೈಟಾನಿಯಂನದಕ್ಕೆ 76,600. ಹಾಗಾಗಿ ಇಂಪ್ಲಾಂಟಿಗೇ ಎರಡು ಲಕ್ಷ ಅಂತ ಯಾರಾದರೂ ಹೇಳಿದರೆ, ಕಂಪನಿ ಹೆಸರು, ಮಾದರಿ, ಬೆಲೆ ಬೇರೆಯಾಗಿ ಬರೆದುಕೊಡಿ ಅಂತ ಕೇಳಿ. ಬಿಲ್ಲಿನ ಜೊತೆ ಅದರ ಸ್ಟಿಕ್ಕರ್ ಕೊಡುತ್ತಾರೆ. ನನ್ನದು ನೋಟ್‌ಬುಕ್ಕಿನ ಹನ್ನೊಂದನೇ ಪುಟದಲ್ಲಿ ಅಂಟಿಸಿದೆ.

ಆಸ್ಪತ್ರೆಯ ಕೊನೆಯ ಬಿಲ್ 2,28,000. ಅದರಲ್ಲಿ ರೂಮು ನಾಲ್ಕು ದಿನಕ್ಕೆ 22,000, ಸರ್ಜನ್, ಅರಿವಳಿಕೆ, ಥಿಯೇಟರ್ ಎಲ್ಲಾ ಸೇರಿ 98,000, ಇಂಪ್ಲಾಂಟ್ 58,000, ಔಷಧಿ 34,000, ಪರೀಕ್ಷೆಗಳು 9,000, ಗ್ಲೌಸು ಗೀವ್ಸು ಅಂತ ವಿಮೆ ಕೊಡದ ಸಾಮಾನು 7,000.

ಈ ರೂಮಿನಲ್ಲೇ ನಾವು ಎಡವಿದ್ದು. ನನ್ನ ವಿಮೆ ಮೂರು ಲಕ್ಷದ್ದು. ರೂಮ್ ಬಾಡಿಗೆ ದಿನಕ್ಕೆ ಅದರ ಶೇಕಡ 1, ಅಂದರೆ 3,000 ಮಾತ್ರ. ಪಾಲಿಸಿಯಲ್ಲಿ ಬರೆದಿತ್ತು, ಓದಿರಲಿಲ್ಲ. ಮಗ ಕೌಂಟರ್‌ನಲ್ಲಿ ನಿಂತು "ಅಮ್ಮ ಆರಾಮಾಗಿರಲಿ" ಅಂತ 5,500ರ ರೂಮ್ ತೆಗೆದುಕೊಂಡ. ಜಾಸ್ತಿಯಾಗಿದ್ದು ದಿನಕ್ಕೆ 2,500, ನಾಲ್ಕು ದಿನಕ್ಕೆ 10,000, ಕೊಟ್ಟರಾಯಿತು ಅಂದುಕೊಂಡೆವು. ಆದರೆ ದೊಡ್ಡ ರೂಮ್ ತೆಗೆದುಕೊಂಡರೆ ಸರ್ಜನ್ ಫೀಸು, ಥಿಯೇಟರ್ ಬಾಡಿಗೆ ಕೂಡ ಅದೇ ಅನುಪಾತದಲ್ಲಿ, ಅಂದರೆ 5,500ಕ್ಕೆ 3,000ದಂತೆ, ಕಡಿತವಾಗುತ್ತೆ. 98,000ಕ್ಕೆ ಅವರು ಕೊಟ್ಟಿದ್ದು 53,500 ಅಷ್ಟೇ. ಇಂಪ್ಲಾಂಟ್, ಔಷಧಿ, ಪರೀಕ್ಷೆಗೆ ಈ ಕಡಿತ ಮಾಡುವ ಹಾಗಿಲ್ಲ ಅಂತ ನಿಯಮವಿದೆ, ಅಷ್ಟು ಉಳಿಯಿತು. ಕೊನೆಗೆ ಕೈಯಿಂದ ಹೋಗಿದ್ದು 61,500. ಮೂರು ಸಾವಿರದ ರೂಮಿನಲ್ಲಿ ಮಲಗಿದ್ದರೆ ಹೆಚ್ಚುಕಡಿಮೆ ಏಳು ಸಾವಿರದಲ್ಲಿ ಮುಗಿಯುತ್ತಿತ್ತು. ಲೆಕ್ಕ ಬರೆದೇ ಜೀವನ ಸಾಗಿಸಿದವಳಿಗೆ ಇದಕ್ಕಿಂತ ಅವಮಾನ ಬೇಕಾ!

ವಿಮೆ ಇಲ್ಲದವರು ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸುವುದು ಒಳ್ಳೆಯದು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇಕಡ 30. ತುರ್ತು ಅಲ್ಲದ ಆಪರೇಷನ್ ಆದ್ದರಿಂದ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಮುಂಚೆಯೇ ಬೇಕು. ಖಾಸಗಿಯಲ್ಲಿ ಅಡ್ಮಿಟ್ ಆದಮೇಲೆ ಓಡಾಡಿದರೆ ಪ್ರಯೋಜನವಿಲ್ಲ.

ಆಪರೇಷನ್ ಬಗ್ಗೆ ಹೇಳುವುದು ಕಮ್ಮಿ. ಬೆನ್ನಿಗೆ ಸೂಜಿ ಕೊಟ್ಟರು, ಸೊಂಟದ ಕೆಳಗೆ ಏನೂ ಗೊತ್ತಾಗಲಿಲ್ಲ. ಮಂಪರಿನಲ್ಲಿ ಸುತ್ತಿಗೆ ಸದ್ದು ಕೇಳಿಸಿತು, ಪಕ್ಕದ ಮನೆಯಲ್ಲಿ ಬಡಗಿ ಕೆಲಸ ನಡೆದ ಹಾಗೆ. ಒಂದೂವರೆ ಗಂಟೆಯಲ್ಲಿ ಮುಗಿಯಿತು. ಮಾರನೇ ದಿನ ಬೆಳಿಗ್ಗೆ ವಾಕರ್ ಹಿಡಿಸಿ ನಿಲ್ಲಿಸಿದರು, ಬಾಗಿಲ ತನಕ ನಡೆದೆ. ನೋವೇ ಇಲ್ಲವಲ್ಲ ಅಂತ ಊರಿಗೆಲ್ಲಾ ಫೋನ್ ಮಾಡಿದೆ. ಸಂಜೆ ತೊಡೆಗೆ ಕೊಟ್ಟಿದ್ದ ಅರಿವಳಿಕೆ ಇಳಿಯಿತು. ಆ ರಾತ್ರಿ ಯಾರ ಫೋನೂ ಎತ್ತಲಿಲ್ಲ.

ಅಸಲಿ ಕೆಲಸ ಶುರುವಾಗಿದ್ದು ಮನೆಗೆ ಬಂದಮೇಲೆ. ಬಲಪುಟದಲ್ಲಿ ಮೊದಲ ಸಾಲು: ಐದನೇ ದಿನ, 60 ಡಿಗ್ರಿ. ಮಣೆಯ ಮೇಲೆ ಪೌಡರ್ ಉದುರಿಸಿ, ಹಿಮ್ಮಡಿಯನ್ನು ನಿಧಾನವಾಗಿ ಹಿಂದಕ್ಕೆ ಎಳೆದುಕೊಳ್ಳುವುದು. ದಿನಕ್ಕೆ ಮೂರು ಸಲ, ಪ್ರತಿ ಸಲ ಇಪ್ಪತ್ತು. ನೋವಿನ ಮಾತ್ರೆ ನುಂಗಿ ಅರ್ಧ ಗಂಟೆ ಬಿಟ್ಟು ಮಾಡಬೇಕು ಅನ್ನುವ ಉಪಾಯ ನನಗೆ ಹೊಳೆದದ್ದು ಒಂದು ವಾರ ಅತ್ತಮೇಲೆ.

ನೋಡಲು ಬಂದವರೆಲ್ಲ ಹಾರ್ಲಿಕ್ಸ್ ಬಾಟಲಿ ಕೊಟ್ಟು "ಸುಮ್ನೆ ಮಲಗಿ, ಮಂಡಿ ಕೆಳಗೆ ದಿಂಬು ಇಟ್ಕೊಳ್ಳಿ" ಅಂದರು. ಇಟ್ಟುಕೊಂಡೆ, ಹಾಯಾಗಿತ್ತು. ಫಿಸಿಯೋಥೆರಪಿ ಹುಡುಗಿ ಬಂದು ನೋಡಿ ಗಾಬರಿಯಾದಳು. "ಅಮ್ಮಾ, ಮೊದಲು ದಿಂಬು ತೆಗೀರಿ! ಮಂಡಿ ಹೀಗೇ ಬಗ್ಗಿಕೊಂಡು ಗಟ್ಟಿಯಾದ್ರೆ ಕುಂಟಬೇಕಾಗುತ್ತೆ." ಬಗ್ಗಿಸುವುದೊಂದೇ ಮುಖ್ಯ ಅಂತ ನಾನು ತಿಳಿದಿದ್ದೆ. ಕಾಲು ನೆಟ್ಟಗಾಗುವುದು ಅದಕ್ಕಿಂತ ಮುಖ್ಯವಂತೆ. ಅವತ್ತಿನಿಂದ ದಿಂಬು ಹಿಮ್ಮಡಿ ಕೆಳಗೆ ಹೋಯಿತು. ಮಂಡಿ ಗಾಳಿಯಲ್ಲಿ ನಿಂತು ತಾನೇ ಕೆಳಗೆ ಇಳಿಯಬೇಕು. ಹತ್ತು ನಿಮಿಷ ಇಡುವಷ್ಟರಲ್ಲಿ ಕಣ್ಣಲ್ಲಿ ನೀರು. ದಿಂಬಿನ ಸುಖಕ್ಕೆ ತೆತ್ತ ದಂಡ ಮೂರು ವಾರದ ವ್ಯಾಯಾಮ.

ಹದಿನಾಲ್ಕನೇ ದಿನ ಪಿನ್ನು ತೆಗೆದರು, ಆಗ 85 ಡಿಗ್ರಿ. ರಕ್ತ ಹೆಪ್ಪುಗಟ್ಟದಿರಲು ಕೊಟ್ಟ ಮಾತ್ರೆ ಒಂದು ದಿನವೂ ತಪ್ಪಿಸಲಿಲ್ಲ. ಮೀನಖಂಡ ಊದಿ ನೋವು ಬಂದರೆ, ಉಸಿರು ಕಟ್ಟಿದರೆ, ಗಾಯ ಸೋರಿದರೆ ತಡಮಾಡದೆ ಬನ್ನಿ ಅಂದಿದ್ದರು. ಅದನ್ನು ಫ್ರಿಜ್ ಮೇಲೆ ಬರೆದು ಅಂಟಿಸಿದ್ದೆ. ಮೆಟ್ಟಿಲಿಗೆ ಒಂದು ಸೂತ್ರ ಹೇಳಿಕೊಟ್ಟರು: ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಆಪರೇಷನ್ ಕಾಲು ಮೊದಲು. ಆರು ವಾರಕ್ಕೆ ವಾಕರ್ ಹೋಗಿ ಕೋಲು ಬಂತು. ಮೂರು ತಿಂಗಳಿಗೆ 110 ಡಿಗ್ರಿ, ಕೋಲೂ ಹೋಯಿತು. ಊತ ಮಾತ್ರ ಹತ್ತು ತಿಂಗಳಾದರೂ ಸಂಜೆ ಹೊತ್ತಿಗೆ ಇರುತ್ತಿತ್ತು.

ಮನೆಯ ಖರ್ಚನ್ನು ಯಾರೂ ಮುಂಚೆ ಹೇಳಿರಲಿಲ್ಲ. ವೆಸ್ಟರ್ನ್ ಕಮೋಡ್ ಹಾಕಿಸಿದ್ದು 11,000. ಇದನ್ನು ಆಪರೇಷನ್‌ಗೆ ಮುಂಚೆಯೇ ಮಾಡಿಸಬೇಕು, ನಾವು ಮಾಡಿಸಿದ್ದೆವು ಪುಣ್ಯಕ್ಕೆ. ಫಿಸಿಯೋ 500ರಂತೆ ಇಪ್ಪತ್ತು ದಿನ, 10,000. ಮೈಸೂರಿಗೆ ನಾಲ್ಕು ಸಲ ಕಾರು, 16,000. ಆರು ವಾರ ಮನೆಕೆಲಸಕ್ಕೆ ಬಂದವಳಿಗೆ 9,000. ವಾಕರ್, ಕೋಲು, ಔಷಧಿ 8,000. ಒಟ್ಟು 54,000. ಇದರಲ್ಲಿ ಒಂದು ಪೈಸೆಯೂ ವಿಮೆಯಿಂದ ಬರಲಿಲ್ಲ. ಡಿಸ್ಚಾರ್ಜ್ ಆದಮೇಲಿನ ಔಷಧಿ ಬಿಲ್ಲನ್ನು ಕಳಿಸಬಹುದಿತ್ತು ಅಂತ ತಿಳಿಯುವ ಹೊತ್ತಿಗೆ ಗಡುವು ಮುಗಿದಿತ್ತು.

ಈಗ ಎರಡು ವರ್ಷ. ಮಾರುಕಟ್ಟೆಗೆ ನಡೆದೇ ಹೋಗುತ್ತೇನೆ. ಚಕ್ಕಳಮಕ್ಕಳ ಹಾಕಿ ಕೂರುವ ಹಾಗಿಲ್ಲ. ಈಳಿಗೆ ಮಣೆ ಅಟ್ಟಕ್ಕೆ ಹೋಗಿದೆ, ಮದುವೆ ಮನೆಯಲ್ಲಿ ಟೇಬಲ್ ಊಟ. ಗಾಯದ ಹೊರಮಗ್ಗುಲಲ್ಲಿ ಅಂಗೈಯಷ್ಟು ಜಾಗಕ್ಕೆ ಸ್ಪರ್ಶವೇ ಇಲ್ಲ, ಸಣ್ಣ ನರ ಕತ್ತರಿಸಿಹೋಗಿರುತ್ತಂತೆ. ಎದ್ದಾಗ ಒಮ್ಮೊಮ್ಮೆ ಒಳಗಿನಿಂದ ಟಕ್ ಅನ್ನುತ್ತೆ. ಮೊಮ್ಮಗಳಿಗೆ ಅದು ಭಾರೀ ಇಷ್ಟ, ಮತ್ತೆ ಮಾಡು ಅಂತ ಕಾಡುತ್ತಾಳೆ.

ಈಗ ಎಡಮಂಡಿ ಶುರುಮಾಡಿದೆ. ಹೊಸ ನೋಟ್‌ಬುಕ್ ತರಿಸಿದ್ದೇನೆ. ಮೊದಲ ಪುಟದಲ್ಲಿ ಸದ್ಯಕ್ಕೆ ಎರಡೇ ಸಾಲಿದೆ. ರೂಮು 3,000ದ ಒಳಗೆ. ಕೌಂಟರ್‌ಗೆ ಮಗನನ್ನು ಕಳಿಸಬಾರದು.