ಹನ್ನೆರಡು ಅಡಿಯ ಹೊಂಗೆ ನಮ್ಮ ಅಂಗಳದಲ್ಲಿ ಬೇರುಬಿಟ್ಟಿದ್ದು

ತುಮಕೂರಿನ ನಮ್ಮ ಮನೆಯ ಪಶ್ಚಿಮದ ಗೋಡೆಗೆ ಮಧ್ಯಾಹ್ನದಿಂದ ಸಂಜೆವರೆಗೂ ಬಿಸಿಲು ಹೊಡೆಯುತ್ತದೆ. ಮಾರ್ಚ್ ಬಂತೆಂದರೆ ಕತ್ತಲಾದ ಮೇಲೂ ಗೋಡೆ ಬಿಸಿ. ಅಲ್ಲೊಂದು ಮರ ಬೇಕೇ ಬೇಕಿತ್ತು. ಪುಟ್ಟ ಸಸಿ ನೆಟ್ಟು ಹತ್ತು ವರ್ಷ ಕಾಯೋಣ ಅಂದರೆ ಅಮ್ಮನಿಗೆ ಆಗಲೇ ಎಪ್ಪತ್ತು ದಾಟಿತ್ತು, ಆ ನೆರಳಲ್ಲಿ ಅವರು ಕೂರಬೇಕು ಅನ್ನೋದೇ ನನ್ನ ಆಸೆ. ಹಾಗಾಗಿ ಅರ್ಧ ಬೆಳೆದ ಮರವನ್ನೇ ತಂದು ನೆಟ್ಟೆ.

ಮೊದಲನೆಯದು ಸತ್ತಿತು. 2019ರಲ್ಲಿ ಎಂಟು ಅಡಿಯ ಸಂಪಿಗೆ ತಂದಿದ್ದೆ. ಆಳಕ್ಕಿದ್ದಷ್ಟೂ ಗಟ್ಟಿ ಅಂದುಕೊಂಡು ಮೂರಡಿ ಗುಂಡಿಗೆ ಇಳಿಸಿ, ಬುಡದ ಮೇಲೆ ಅರ್ಧ ಅಡಿ ಮಣ್ಣು ಏರಿಸಿ ತುಳಿದಿದ್ದೆ. ಆ ಮಳೆಗಾಲ ಚೆನ್ನಾಗೇ ಇತ್ತು. ಬೇಸಿಗೆಗೆ ತುದಿಯಿಂದ ಒಣಗುತ್ತಾ ಬಂತು. ನೀರು ಸಾಲದೇನೋ ಅಂತ ಇನ್ನೂ ಜಾಸ್ತಿ ಹಾಕಿದೆ. ಕೊನೆಗೆ ಅಗೆದು ನೋಡಿದರೆ ಮಣ್ಣೊಳಗಿದ್ದ ತೊಗಟೆ ಕಪ್ಪಾಗಿ ಕೊಳೆತು, ಬೆರಳಲ್ಲಿ ಒತ್ತಿದರೆ ಹಣ್ಣಿನ ಸಿಪ್ಪೆಯ ಹಾಗೆ ಕಳಚಿ ಬರುತ್ತಿತ್ತು. ಗುಂಡಿಯ ತಳದಲ್ಲಿ ನೀರು ನಿಂತು ಕೊಳೆತ ವಾಸನೆ. ಸಂಪಿಗೆಗೆ ನೀರು ನಿಲ್ಲುವ ಜಾಗ ಆಗಲ್ಲ, ಅದರ ಮೇಲೆ ನಾನು ಬುಡವನ್ನೂ ಹೂತಿದ್ದೆ. ಕಾಂಡದ ತೊಗಟೆ ಗಾಳಿಯಲ್ಲಿರಬೇಕು. ಬೇರಿನ ಹಾಗೆ ಸದಾ ತೇವದಲ್ಲಿ ಬದುಕುವುದಿಲ್ಲ.

2021ರ ಜೂನ್‌ನಲ್ಲಿ ಮತ್ತೆ ಪ್ರಯತ್ನ ಮಾಡಿದೆ, ಈ ಸಲ ಹೊಂಗೆ. ನಮ್ಮ ಬಯಲುಸೀಮೆಯದೇ ಮರ, ಒಮ್ಮೆ ಹಿಡಿದರೆ ಬರ ತಡೆಯುತ್ತದೆ, ನೆರಳು ದಟ್ಟ. ನರ್ಸರಿಯಲ್ಲಿ ಹದಿನಾರು ಅಡಿಯದ್ದೂ ಇತ್ತು. ನಾನು ಹನ್ನೆರಡು ಅಡಿಯದ್ದು, ಕಾಂಡ ಮೂರಿಂಚು ದಪ್ಪ ಇದ್ದದ್ದನ್ನು ಆರಿಸಿದೆ. ಆರಿಸುವಾಗ ಒಂದು ಕೆಲಸ ಮಾಡಿ: ಕಾಂಡ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಮರದ ಜತೆ ಚೀಲವೂ ಅಲ್ಲಾಡಿದರೆ ಬೇರು ಮಣ್ಣನ್ನು ಹಿಡಿದಿದೆ ಅಂತ ಅರ್ಥ. ಕಾಂಡ ಮಾತ್ರ ಸಡಿಲ ಗೂಟದ ಹಾಗೆ ಅಲ್ಲಾಡಿದರೆ ಬಿಟ್ಟುಬಿಡಿ, ಎಷ್ಟೇ ಹಸಿರಾಗಿದ್ದರೂ.

ಮರ ಬರುವ ಮೊದಲೇ ಗುಂಡಿ ಪರೀಕ್ಷೆ ಮಾಡಿದೆ. ಸಂಪಿಗೆ ಇದ್ದ ಜಾಗಕ್ಕೆ ಸಂಜೆ ನಾಲ್ಕು ಕೊಡ ನೀರು ಸುರಿದರೆ ಮಾರನೆಯ ದಿನ ಮಧ್ಯಾಹ್ನವೂ ತಳದಲ್ಲಿ ಕೆಸರು ನೀರು. ಐದಡಿ ಆಚೆ ತೆಗೆದ ಗುಂಡಿಯಲ್ಲಿ ಬೆಳಿಗ್ಗೆಯೊಳಗೆ ಇಂಗಿಹೋಗಿತ್ತು. ಅಲ್ಲೇ ನೆಡಲು ನಿರ್ಧರಿಸಿದೆ. ಅಲ್ಲೂ ಮನೆ ಕಟ್ಟಿದಾಗಿನ ಜಲ್ಲಿ, ಸಿಮೆಂಟ್ ಗಡ್ಡೆ, ಒಡೆದ ಟೈಲ್ಸ್ ಎಲ್ಲ ಇತ್ತು, ಆರು ಬಾಂಡ್ಲಿ ಆಯ್ದು ಎಸೆದೆವು. ಗುಂಡಿಯ ಅಗಲ ಐದಡಿ. ಆಳ ಮಾತ್ರ ಬೇರಿನ ಮಣ್ಣುಗಡ್ಡೆ ಎಷ್ಟಿದೆಯೋ ಅಷ್ಟೇ, ಅದಕ್ಕಿಂತ ಸ್ವಲ್ಪ ಕಡಿಮೆಯೇ. ಬೇರು ಹೋಗೋದು ಅಕ್ಕಪಕ್ಕಕ್ಕೆ. ತಳ ಅಗೆದು ಸಡಿಲ ಮಾಡಿದರೆ ನೀರು ಬಿದ್ದ ಹಾಗೆ ಮರ ಕುಸಿಯುತ್ತಾ ಹೋಗುತ್ತದೆ.

ಎರಡಡಿ ಅಗಲ, ಎರಡಡಿ ಎತ್ತರದ ಮಣ್ಣುಗಡ್ಡೆ ಸುಮಾರು 300 ಕೆಜಿ ತೂಗುತ್ತದೆ. ಆರು ಜನ ಬೇಕಾಯಿತು. ಕಾಂಡಕ್ಕೆ ಯಾರೂ ಕೈ ಹಾಕಬೇಡಿ ಅಂತ ಮೊದಲೇ ಹೇಳಿದ್ದೆ. ಕಾಂಡ ಹಿಡಿದು ಎತ್ತಿದರೆ ಒಳಗೆ ಬೇರು ಕಿತ್ತುಹೋಗುತ್ತದೆ, ಹೊರಗೆ ಏನೂ ಕಾಣಲ್ಲ. ಗೋಣಿಯಲ್ಲಿ ಗಡ್ಡೆಯನ್ನೇ ಸುತ್ತಿ, ಹಲಗೆ ಮೇಲೆ ಜಾರಿಸಿ ಇಳಿಸಿದೆವು.

ಚೀಲ ಸೀಳಿದಾಗ ಬೆರಳು ದಪ್ಪದ ಬೇರುಗಳು ಒಳಗೋಡೆಗೆ ಅಂಟಿ ಸುತ್ತು ಹೊಡೆದಿದ್ದವು. ಅವನ್ನು ಕತ್ತರಿಸಿದೆ. ಹಾಗೇ ಬಿಟ್ಟರೆ ಮುಂದೆ ದಪ್ಪವಾಗಿ ಮರದ ಕುತ್ತಿಗೆಯನ್ನೇ ಬಿಗಿಯುತ್ತವೆ. ಆಮೇಲೆ ಗಡ್ಡೆಯ ಮೇಲ್ಭಾಗದ ಮಣ್ಣನ್ನು ಕೈಯಲ್ಲೇ ಕೆರೆದೆ. ನಾಲ್ಕು ಬೆರಳು ಕೆಳಗೆ ಹೋದ ಮೇಲೆ ಕಾಂಡ ಅಗಲವಾಗಿ, ಮೊದಲ ಬೇರು ಪಕ್ಕಕ್ಕೆ ಹೊರಟ ಜಾಗ ಸಿಕ್ಕಿತು. ಅಂದರೆ ನರ್ಸರಿಯಲ್ಲೇ ಅಷ್ಟು ಮಣ್ಣು ಮೇಲೆ ಹಾಕಿದ್ದರು. ಆ ಜಾಗ ಅಂಗಳದ ಮಟ್ಟಕ್ಕಿಂತ ಒಂದಿಂಚು ಮೇಲೆ ಬರುವ ಹಾಗೆ ಕೂರಿಸಿದೆ. ಗುಂಡಿ ತೋಡಲು ಬಂದಿದ್ದ ಅಜ್ಜ ನೋಡಿ, ‘ಹಿಂಗೇ ಇರ್ಬೇಕು ಕಣಪ್ಪ, ಬುಡಕ್ಕೂ ಉಸಿರು ಬೇಕು’ ಅಂದರು. ಎರಡು ವರ್ಷ ಮೊದಲೇ ಅವರು ಸಿಕ್ಕಿದ್ದರೆ ಸಂಪಿಗೆ ಉಳಿಯುತ್ತಿತ್ತು.

ತುಂಬಿದ್ದು ಅದೇ ಗುಂಡಿಯ ಮಣ್ಣು. ಗೊಬ್ಬರ ಹಾಕಲಿಲ್ಲ. ಗುಂಡಿಯೊಳಗೇ ಎಲ್ಲ ಸಿಕ್ಕರೆ ಬೇರು ಆಚೆ ಹೋಗಲು ನೋಡುವುದಿಲ್ಲ, ಹಸಿ ಗೊಬ್ಬರವಾದರೆ ಬೇರು ಸುಟ್ಟೇ ಹೋಗುತ್ತದೆ. ಕಳಿತ ಕೊಟ್ಟಿಗೆ ಗೊಬ್ಬರವನ್ನು ಮೇಲೆ ತೆಳ್ಳಗೆ ಹರಡಿ, ಅದರ ಮೇಲೆ ಮೂರಿಂಚು ತರಗೆಲೆ ಹೊದಿಸಿದೆ, ಬುಡದಿಂದ ಒಂದು ಗೇಣು ದೂರ ಬಿಟ್ಟು. ನಮ್ಮ ಕೆಂಪು ಮಣ್ಣಿನಲ್ಲಿ ತರಗೆಲೆ ಒಣಗಿದರೆ ಗೆದ್ದಲು ಬರುತ್ತದೆ, ಅದಕ್ಕೆ ಎರಡು ಹಿಡಿ ಬೇವಿನ ಹಿಂಡಿ.

ಇನ್ನು ನೀರು. ಇಲ್ಲೇ ಬಹಳ ಜನ ಎಡವುವುದು. ನಮ್ಮ ಕಡೆ ಸಿಗುವ ಎಷ್ಟೋ ದೊಡ್ಡ ಗಿಡಮರಗಳು ಆಂಧ್ರದ ರಾಜಮಂಡ್ರಿ ಹತ್ತಿರದ ಕಡಿಯಂನಿಂದ ಬರುತ್ತವೆ. ನನ್ನದೂ ಅಲ್ಲಿಯದೇ. ಗಡ್ಡೆಯಲ್ಲಿ ಬಂದ ಅಲ್ಲಿನ ಮಣ್ಣು ಜಿಗುಟು, ನಮ್ಮದು ಗೊರಚು. ಎರಡೂ ಒಂದಕ್ಕೊಂದು ಬೆರೆಯುವುದಿಲ್ಲ. ಹನ್ನೆರಡನೇ ದಿನ ಪಾತಿ ತುಂಬ ನೀರಿತ್ತು, ಆದರೂ ಎಲೆ ಜೋತುಬಿದ್ದಿತ್ತು. ಕಂಬಿ ಚುಚ್ಚಿ ನೋಡಿದೆ. ಗಡ್ಡೆಯ ಆಚೆ ಸಲೀಸಾಗಿ ಇಳಿಯಿತು, ಗಡ್ಡೆಗೆ ಚುಚ್ಚಿದರೆ ಅರ್ಧ ಅಡಿಗೇ ನಿಂತಿತು. ಒಳಗೆ ಇಟ್ಟಿಗೆಯ ಹಾಗೆ ಒಣಗಿತ್ತು. ಹಾಕಿದ ನೀರೆಲ್ಲ ಸುತ್ತಲಿನ ಸಡಿಲ ಮಣ್ಣಿಗೆ ಹೋಗುತ್ತಿತ್ತು, ಬೇರೆಲ್ಲ ಇದ್ದದ್ದು ಗಡ್ಡೆಯೊಳಗೆ.

ಅವತ್ತಿನಿಂದ 20 ಲೀಟರಿನ ಎರಡು ಹಳೆ ಪೇಂಟ್ ಬಕೆಟ್ ತಳಕ್ಕೆ ಮೊಳೆಯಲ್ಲಿ ತೂತು ಮಾಡಿ, ಗಡ್ಡೆಯ ಮೇಲೆಯೇ, ಕಾಂಡಕ್ಕೆ ತಾಗದ ಹಾಗೆ ಇಟ್ಟೆ. ತೊಟ್ಟಿಕ್ಕಿ ಖಾಲಿಯಾಗಲು ಎರಡು ಗಂಟೆ. ಮೊದಲ ತಿಂಗಳು ದಿನ ಬಿಟ್ಟು ದಿನ, ಆಮೇಲೆ ವಾರಕ್ಕೆರಡು ಸಲ. ಪ್ರತಿ ಸಲ ಹಾಕುವ ಮೊದಲು ಕಂಬಿ ಪರೀಕ್ಷೆ. ಮಳೆಗಾಲ ಅಲ್ವಾ ಅಂತ ಬಿಡಬೇಡಿ. ಜುಲೈನಲ್ಲಿ ನಮ್ಮಲ್ಲಿ ಮೋಡ ಕವಿದಿರುತ್ತದೆ, ಸುಮ್ನೆ ತುಂತುರು ಬೀಳುತ್ತದೆ, ಮೇಲಿನ ಒಂದಿಂಚು ಒದ್ದೆಯಾಗುತ್ತದೆ ಅಷ್ಟೇ. ಆಷಾಢದ ಗಾಳಿ ಎಲೆಯಿಂದ ಎಳೆದುಕೊಳ್ಳುವ ನೀರಿಗೆ ಅದು ಯಾವ ಮೂಲೆಗೂ ಸಾಲದು. ನಮಗೆ ಗಟ್ಟಿ ಮಳೆ ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ.

ಅದೇ ಗಾಳಿಗೆ ಮರ ವಾಲಿ, ಬುಡದ ಸುತ್ತ ಬೆರಳು ತೂರುವಷ್ಟು ಬಿರುಕು ಬಿಟ್ಟಿತು. ಹಾಗೆ ಅಲ್ಲಾಡಿದಾಗೆಲ್ಲ ಹೊಸದಾಗಿ ಚಿಗುರಿದ ಬೇರು ತುಂಡಾಗುತ್ತದೆ. ಎರಡೂ ಕಡೆ ಬಿದಿರು ಗೂಟ ಹೊಡೆದು, ನಾಲ್ಕಡಿ ಎತ್ತರದಲ್ಲಿ ಸೈಕಲ್ ಟ್ಯೂಬಿನಿಂದ ಸಡಿಲವಾಗಿ ಕಟ್ಟಿದೆ. ಮೇಲಿನ ಕೊಂಬೆಗಳು ಗಾಳಿಗೆ ಆಡುತ್ತಿರಬೇಕು, ಆಗಲೇ ಕಾಂಡ ಗಟ್ಟಿಯಾಗೋದು.

ಮೂರನೇ ವಾರಕ್ಕೆ ಅರ್ಧಕ್ಕರ್ಧ ಎಲೆ ಹಳದಿಯಾಗಿ ಉದುರಿತು. ಅಮ್ಮ ದಿನಾ ಬೆಳಿಗ್ಗೆ ಹೋಗಿ ನೋಡಿ ಏನೂ ಮಾತಾಡದೆ ಒಳಗೆ ಬರುತ್ತಿದ್ದರು. ನಾನು ಕಡ್ಡಿ ದಪ್ಪದ ಒಂದು ಕೊಂಬೆಯನ್ನು ಉಗುರಲ್ಲಿ ಗೀರಿ ನೋಡಿದೆ, ಒಳಗೆ ಹಸಿರು. ಜೀವ ಇದೆ. ಗೊಬ್ಬರ, ಯೂರಿಯಾ ಏನೂ ಹಾಕದೆ ನೀರಷ್ಟೇ ಹಾಕುತ್ತಾ ಬಂದೆ. ಏಳನೇ ವಾರ ಅಮ್ಮನೇ ಕೂಗಿ ಕರೆದರು. ಗಿಣ್ಣುಗಳಲ್ಲಿ ಎಣ್ಣೆ ಸವರಿದ ಹಾಗೆ ಹೊಳೆಯುವ ತಳಿರು ಒಡೆದಿತ್ತು.

ಮೊದಲ ಬೇಸಿಗೆ ಮೂರು ದಿನಕ್ಕೊಮ್ಮೆ ನೀರು, ಎರಡನೆಯದಕ್ಕೆ ವಾರಕ್ಕೊಮ್ಮೆ. 2022ರ ಅಕ್ಟೋಬರ್‌ನಲ್ಲಿ ಗಡ್ಡೆಯಿಂದ ಒಂದೂವರೆ ಅಡಿ ಆಚೆ ಮೆಲ್ಲಗೆ ಕೆದಕಿದಾಗ ನಮ್ಮ ಕೆಂಪು ಮಣ್ಣಿನಲ್ಲಿ ಎಳೆ ಬೇರುಗಳು ಸಿಕ್ಕವು. ಮತ್ತೆ ಮುಚ್ಚಿ, ಅವತ್ತೇ ಗೂಟ ಬಿಚ್ಚಿದೆ. ಮುಂದಿನ ಆಷಾಢದಲ್ಲಿ ಗಾಳಿ ಜೋರಾಗಿ ಬೀಸಿದ ದಿನ ಹೋಗಿ ಬುಡದ ಹತ್ತಿರ ಕುಕ್ಕರಗಾಲಲ್ಲಿ ಕೂತು ನೋಡಿದೆ. ಮೇಲೆ ಕೊಂಬೆಗಳೆಲ್ಲ ಬಳುಕುತ್ತಿದ್ದವು. ಬುಡದ ಸುತ್ತ ಒಂದು ಬಿರುಕೂ ಇರಲಿಲ್ಲ.