ರಿಪೇರಿ ನಡೆದಿರುವ ವಾಡೆಯಲ್ಲಿ ಮ್ಯೂಸಿಯಂ ಕೆಲಸ: ನನ್ನ ಅನುಭವ

ಕೊಪ್ಪಳದ ಹತ್ತಿರ ಒಂದು ಹಳೆಯ ವಾಡೆಯನ್ನು, ಅಂದರೆ ದೊಡ್ಡ ಮನೆತನದ ಮನೆಯನ್ನು, ಮ್ಯೂಸಿಯಂ ಮಾಡುತ್ತಿದ್ದಾರೆ. ನಾನು ಇಂಟರ್ನ್ ಆಗಿ ಸೇರಿದಾಗ ಪಡಸಾಲೆಯ ಮಾಳಿಗೆ (ಮಣ್ಣಿನ ಚಾವಣಿ) ಬಿಚ್ಚಿದ್ದರು. ಅಂಗಳದ ಗುಂಡಿಯಲ್ಲಿ ಸುಣ್ಣ ನೆನೆಯುತ್ತಿತ್ತು. ಇನ್ನೂ ತೆಗೆಯದ ಸಾಮಾನು ಒಳಕೋಣೆಗಳಲ್ಲಿ ಹಾಗೇ ಇತ್ತು. ಎಂ.ಎ. ಇತಿಹಾಸ ಮುಗಿಸಿದ ಹುಡುಗ ಹುಡುಗಿಯರು ಇಂಥ ಕಡೆ ಸೇರಿದರೆ ಮೊದಲು ಏನು ಮಾಡಬೇಕು ಅಂತ ಕೇಳುತ್ತಾರೆ. ನಾನು ಮಾಡಿದ್ದನ್ನೇ ಹೇಳುತ್ತೇನೆ.

ಮೊದಲು ಜಾಗ ಬರೆದುಕೊಳ್ಳಿ, ಆಮೇಲೆ ವಸ್ತು. ಬೀಸುವ ಕಲ್ಲು ಯಾವ ಊರಲ್ಲಿ ಇಲ್ಲ? ಆದರೆ ನಮ್ಮ ವಾಡೆಯಲ್ಲಿ ಅದು ಅಡುಗೆಮನೆಯ ಮೂಲೆಯಲ್ಲಿತ್ತು, ಹಗೇವಿನ (ಕಾಳು ತುಂಬಿಡುವ ನೆಲದೊಳಗಿನ ಗುಂಡಿಯ) ಬಾಯಿಂದ ನಾಲ್ಕು ಹೆಜ್ಜೆ. ಹಗೇವಿನಿಂದ ಜೋಳ ತೆಗೆದು, ಹಸನು ಮಾಡಿ, ಅಲ್ಲೇ ಬೀಸಿ, ಪಕ್ಕದ ಒಲೆಯಲ್ಲಿ ರೊಟ್ಟಿ ಬಡಿಯುತ್ತಿದ್ದರು. ಆ ಮನೆಯ ಹೆಣ್ಣುಮಕ್ಕಳ ಇಡೀ ದಿನ ಆ ಮೂಲೆಯಲ್ಲಿದೆ. ಕಲ್ಲನ್ನು ಎತ್ತಿ ಗಾಜಿನ ಪೆಟ್ಟಿಗೆ ಪಕ್ಕ ಇಟ್ಟರೆ ಅದು ಸುಮ್ನೆ ಒಂದು ಕಲ್ಲು.

ಅದಕ್ಕೇ ಪ್ರತಿ ಕೋಣೆಗೂ ಒಂದು ನಂಬರ್ ಕೊಟ್ಟೆ, ಪ್ರತಿ ಗೋಡೆಗೂ ಒಂದು ಅಕ್ಷರ. ಯಾವುದನ್ನೇ ಸರಿಸುವ ಮೊದಲು ಪಕ್ಕದಲ್ಲಿ ಅಳತೆ ಪಟ್ಟಿ ಇಟ್ಟು ಫೋಟೊ. ರಿಜಿಸ್ಟರ್‌ನಲ್ಲಿ ನಂಬರ್, ಇದ್ದ ಜಾಗ, ಅಳತೆ, ಬಿರುಕು, ಹುಳ ತಿಂದ ಗುರುತು. ನಂಬರನ್ನು ವಸ್ತುವಿನ ಮೇಲೆ ಬರೆಯಲಿಲ್ಲ, ಬಟ್ಟೆಯ ಚೀಟಿಗೆ ಬರೆದು ದಾರದಿಂದ ಕಟ್ಟಿದೆ.

ಬೆಳಿಗ್ಗೆ ಬಂದ ಕೂಡಲೇ ಮೇಸ್ತ್ರಿಯನ್ನು ಕೇಳುತ್ತಿದ್ದೆ, "ಇವತ್ತು ಯಾವ ಗೋಡೆ ರೀ?" ಇದು ಬಹಳ ಮುಖ್ಯ. ಗೋಡೆಯ ಮಾಡಗಳಲ್ಲಿ, ಅಂದರೆ ದೀಪ ಇಡುವ ಗೂಡುಗಳಲ್ಲಿ, ಮಸಿ ಹಿಡಿದಿರುತ್ತದೆ. ಕೆಲಸದವರಿಗೆ ಅದು ಕೊಳೆ, ತಿಕ್ಕಿ ಸುಣ್ಣ ಬಳಿಯುತ್ತಾರೆ. ರಾತ್ರಿ ಯಾವ ಕೋಣೆಯಲ್ಲಿ ಬೆಳಕಿತ್ತು ಅಂತ ಹೇಳುವುದು ಆ ಮಸಿಯೇ ಅಲ್ವಾ? ಮ್ಯೂಸಿಯಂನ ಹಿರಿಯರ ಜೊತೆ ಮಾತಾಡಿ ಅಡುಗೆಮನೆಯ ಒಂದು ಮಾಡವನ್ನು ಹಾಗೇ ಉಳಿಸಿಕೊಂಡೆವು.

ಮೇಸ್ತ್ರಿಯಿಂದ ಕಲಿತದ್ದು ಜಾಸ್ತಿ. ಹಿಂದೆ ಯಾರೋ ಒಂದು ಗೋಡೆಗೆ ಸಿಮೆಂಟ್ ಮೆತ್ತಿದ್ದರು. ಅದರ ಅಂಚಲ್ಲಿ ಬಿಳಿ ಉಪ್ಪು ಹೊಮ್ಮಿತ್ತು, ಒಳಗೆ ಸೇರಿದ್ದ ತೊಲೆಯ ತುದಿ ಕೊಳೆತಿತ್ತು. "ನೀರಿಗೆ ಹೊರಗ ಹೋಗಾಕ ದಾರಿ ಬೇಕ್ರಿ ತಂಗಿ, ಇಲ್ಲಾಂದ್ರ ಗ್ವಾಡಿನ ತಿಂತೈತಿ" ಎಂದರು. ಸುಣ್ಣದ ಗಾರೆ ತೇವವನ್ನು ಹೊರಗೆ ಬಿಡುತ್ತದೆ, ಸಿಮೆಂಟ್ ತಡೆದು ನಿಲ್ಲಿಸುತ್ತದೆ. ಗಾರೆ ಗಟ್ಟಿಯಾಗುವುದು ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡ್ ಹೀರಿಕೊಂಡು, ಅದೂ ನಿಧಾನವಾಗಿ. ಹೀಗಾಗಿ ಅವಸರ ಮಾಡಿದರೆ ಕೆಲಸ ಕೆಡುತ್ತದೆ. ಮಾಳಿಗೆಯ ಮೇಲೆ ಹಾಕುವ ಸವಳು ಮಣ್ಣನ್ನೂ ಅವರೇ ತೋರಿಸಿದರು. ಹೊಲಕ್ಕೆ ಬೇಡವಾದ ಆ ಮಣ್ಣು ಮಳೆ ಬಿದ್ದಾಗ ಕರಗಿ ಸಂದುಗಳನ್ನು ಮುಚ್ಚುತ್ತದೆ, ಹುಲ್ಲನ್ನೂ ಸುಲಭಕ್ಕೆ ಬೆಳೆಯಲು ಬಿಡುವುದಿಲ್ಲ.

ಹಗೇವಿನ ಬಗ್ಗೆ ಒಂದು ಎಚ್ಚರಿಕೆ. ಮುಚ್ಚಿದ ಹಗೇವಿನೊಳಗೆ ಉಸಿರಾಡುವ ಗಾಳಿ ಇರುವುದಿಲ್ಲ. ಇಳಿದವರು ಅಲ್ಲೇ ಸತ್ತ ಉದಾಹರಣೆಗಳಿವೆ. ಬಾಯಿ ತೆರೆದು ಗಾಳಿಯಾಡಲು ಬಿಟ್ಟೆವು. ಆಮೇಲೂ ನಾನು ಇಳಿಯಲಿಲ್ಲ, ಕ್ಯಾಮೆರಾ ಇಳಿಬಿಟ್ಟು ಫೋಟೊ ತೆಗೆದೆ. ನೀವೂ ಹಾಗೇ ಮಾಡಿ.

ಕಾಗದಗಳ ಗಂಟೊಂದು ಅಟ್ಟದಲ್ಲಿ ಸಿಕ್ಕಿತು. ಕೊಪ್ಪಳ 1948ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಸಾಲಾರ್ ಜಂಗ್ ಮನೆತನದ ಜಹಗೀರು. ಹಾಗಾಗಿ ಪತ್ರಗಳಲ್ಲಿ ಉರ್ದು ಇದೆ, ಲೆಕ್ಕ ಹಾಲಿ ಸಿಕ್ಕಾ ರೂಪಾಯಿಯಲ್ಲಿದೆ (ಅದು ಆ ಸಂಸ್ಥಾನದ್ದೇ ನಾಣ್ಯ), ವರ್ಷ ಫಸಲಿಯಲ್ಲಿದೆ (ಕಂದಾಯದ ಲೆಕ್ಕಕ್ಕೆ ಬಳಸುತ್ತಿದ್ದ ವರ್ಷ). ಫಸಲಿಗೆ 590 ಕೂಡಿಸಿದರೆ ಇಸವಿ ಸಿಗುತ್ತದೆ: 1350 ಫಸಲಿ ಅಂದರೆ 1940-41. ಪೆನ್ನು ಹತ್ತಿರ ತರಬೇಡಿ, ಪೆನ್ಸಿಲ್ ಸಾಕು. ಹಾಳೆಗಳನ್ನು ಬಲವಂತವಾಗಿ ಬಿಡಿಸಲು ಹೋಗಬೇಡಿ.

ಧೂಳು ಕೂರದಂತೆ ವಸ್ತುಗಳಿಗೆ ಹತ್ತಿ ಬಟ್ಟೆ ಹೊದಿಸಿ. ಪ್ಲಾಸ್ಟಿಕ್ ಬೇಡ, ಒಳಗೇ ಬೆವರಿ ಬೂಷ್ಟು ಹಿಡಿಯುತ್ತದೆ. ಗೆದ್ದಲಿನ ಭಯಕ್ಕೆ ಎಲ್ಲವನ್ನೂ ಕಲ್ಲಿನ ಮೇಲೆ ಎತ್ತರಿಸಿ ಇಟ್ಟೆವು. ಕೊಪ್ಪಳ ಹತ್ತಿರದ ಕಿನ್ನಾಳ ಊರಿನ ಕುಶಲಕರ್ಮಿಗಳು ಮಾಡಿದ ಬಣ್ಣದ ಮರದ ತೊಟ್ಟಿಲೊಂದಿದೆ. ಅದಕ್ಕೆ ಒದ್ದೆ ಬಟ್ಟೆ, ಎಣ್ಣೆ ಎರಡೂ ಮುಟ್ಟಿಸಲಿಲ್ಲ. ಮೆತ್ತನೆಯ ಒಣ ಬ್ರಷ್ ಅಷ್ಟೇ.

ಒಂದು ಮಧ್ಯಾಹ್ನ ಆ ಮನೆತನದ ಹಿರಿಯಜ್ಜಿ ಬಂದರು. ನನ್ನ ನಕ್ಷೆಯಲ್ಲಿ "ಉಗ್ರಾಣ" ಅಂತಿದ್ದ ಕೋಣೆಯ ಬಾಗಿಲಲ್ಲಿ ನಿಂತು, "ಯವ್ವಾ, ಇದು ಬಾಣಂತಿ ಕ್ವಾಣಿ. ನಮ್ಮನ್ನೆಲ್ಲಾ ಹಡದದ್ದು ಇಲ್ಲೇ" ಅಂದರು. ಕಾಳಿನ ಚೀಲ ಅಲ್ಲಿಗೆ ಬಂದದ್ದು ಎಷ್ಟೋ ವರ್ಷಗಳ ನಂತರವಂತೆ. ತೊಟ್ಟಿಲು ತೂಗುಹಾಕುತ್ತಿದ್ದ ಕೊಂಡಿಯನ್ನೂ ತೋರಿಸಿದರು. ಅವರ ಒಪ್ಪಿಗೆ ಪಡೆದು ಎಲ್ಲವನ್ನೂ ರೆಕಾರ್ಡ್ ಮಾಡಿಕೊಂಡೆ. ಇಂಥವರನ್ನು ಕೆಲಸ ಮುಗಿದ ಮೇಲೆ ಉದ್ಘಾಟನೆಗೆ ಕರೆದರೆ ತಡವಾಗುತ್ತದೆ, ಮೊದಲ ವಾರವೇ ಹುಡುಕಿಕೊಂಡು ಹೋಗಿ.

ತೊಟ್ಟಿಲನ್ನು ಮುಂದಿನ ಪಡಸಾಲೆಯಲ್ಲಿ, ಬಂದವರಿಗೆ ಕಾಣುವಂತೆ ಇಡೋಣ ಅಂತ ಕೆಲವರ ಅಭಿಪ್ರಾಯ. ನಾನು ಒಪ್ಪಿಲ್ಲ. ಅದು ಆ ಕೋಣೆಗೇ ಹೋಗಬೇಕು ಅಂತ ರಿಜಿಸ್ಟರ್ ಮತ್ತು ಅಜ್ಜಿಯ ಮಾತು ಎರಡನ್ನೂ ಲಗತ್ತಿಸಿ ಬರೆದುಕೊಟ್ಟಿದ್ದೇನೆ. ಆ ಕೋಣೆಯ ಗಾರೆ ಇನ್ನೂ ಹಸಿ ಇದೆ, ತೇವ ಪೂರ್ತಿ ಆರುವವರೆಗೆ ಯಾವ ಮರದ ಸಾಮಾನೂ ಒಳಗೆ ಹೋಗುವ ಹಾಗಿಲ್ಲ. ಅಷ್ಟರಲ್ಲಿ ಒಂದು ತೀರ್ಮಾನ ಆಗುತ್ತದೆ.